ಮುನ್ನೂರು ದೀಪದ ಜಡೆ

"ಬುದ್ಧಿ, ಎಂಬತ್ತು ಜನ ಒಂದೇ ಮಠದಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಬದುಕುವುದು ಹೇಗೆ?"

ಕೇಳಿದವನು ಮರಿದೇವ. ಮಠದಲ್ಲಿ ಗಂಟೆ ಹೊಡೆಯುವ ಕೆಲಸ ಅವನದು. ಗಂಟೆಯ ಕೊಡತಿಯನ್ನು ಕೈಯಲ್ಲಿ ಹಿಡಿದೇ ಬಂದಿದ್ದ. ಹಿರಿಯ ಸ್ವಾಮಿಗಳು ಜಗಲಿಯ ಮೇಲೆ ಕುಳಿತಿದ್ದರು.

"ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೂಕಾಟ," ಎಂದ ಮರಿದೇವ. "ಅಡುಗೆಯವರು ಹಂಡೆ ಹೊತ್ತು ಬರುವ ಬಾಗಿಲಿಗೇ ಪಾಠದವರು ನುಗ್ಗುತ್ತಾರೆ. ನಾನು ಎಲ್ಲರ ಮೇಲೂ ಕಣ್ಣಿಟ್ಟಿದ್ದೇನೆ. ಯಾರು ಎಲ್ಲಿ ತಪ್ಪಿದರೂ ಓಡಿಹೋಗಿ ಹಿಡಿಯುತ್ತೇನೆ. ಆದರೂ ದಿನಕ್ಕೊಂದು ಜಗಳ. ಒಂದು ದಾರಿ ಹೇಳಿ, ಇಲ್ಲವಾದರೆ ನಾನು ಮಠ ಬಿಡುತ್ತೇನೆ."

"ಬಿಡುವೆಯಂತೆ," ಎಂದರು ಸ್ವಾಮಿಗಳು. "ಮೊದಲು ಇದನ್ನು ಕೇಳು."

ವನಮಾಲಾ ಎಂಬ ಹೆಣ್ಣುಮಗಳಿದ್ದಳು. ಡ್ರೋನ್ ಹಾರಿಸುವುದು ಅವಳ ಕಸುಬು. ಒಂದಲ್ಲ ಎರಡಲ್ಲ, ಮುನ್ನೂರು. ಒಂದೊಂದರ ಹೊಟ್ಟೆಯಡಿಗೂ ಒಂದು ದೀಪ. ಕತ್ತಲಾದ ಮೇಲೆ ಅವೆಲ್ಲ ಮೇಲೇರಿ ಆಕಾಶದಲ್ಲಿ ಚಿತ್ರ ಬರೆಯುತ್ತವೆ. ನವಿಲೆಂದರೆ ನವಿಲು, ಆನೆಯೆಂದರೆ ಆನೆ. ನೋಡುವವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಹಾರಿಸುವವಳ ಎದೆ ಮಾತ್ರ ಡವಡವ ಎನ್ನುತ್ತಿರುತ್ತದೆ. ಮೇಲೆ ಎರಡು ತಾಗಿದರೆ ಎರಡೂ ಕಲ್ಲಿನ ಹಾಗೆ ಬೀಳುತ್ತವೆ, ಮರಿ.

ಹಿಂದಿನ ವರ್ಷ ಹಾಗೇ ಆಗಿತ್ತು. ತಾಗಿದ ಎರಡರಲ್ಲಿ ಒಂದು ಒಬ್ಬ ತಾಯಿಯ ಕಾಲ ಬಳಿ ಬಿತ್ತು. ಅವಳ ಕಂಕುಳಲ್ಲಿ ಕೂಸಿತ್ತು. ಗೇಣು ಈಚೆಗೆ ಬಿದ್ದಿದ್ದರೆ ಏನಾಗುತ್ತಿತ್ತೋ ಶಿವನೇ ಬಲ್ಲ. ಅಂದಿನಿಂದ ವನಮಾಲಾಳಿಗೆ ಅನ್ನ ಸೇರಲಿಲ್ಲ. ಈಗ ಹೊಳೆದಂಡೆಯ ಒಂದು ಊರಿನವರು ತಮ್ಮ ಹೊಸ ಸೇತುವೆ ತೆರೆಯುವ ದಿನಕ್ಕೆ ಅವಳನ್ನು ಕರೆದಿದ್ದರು. ಅಪ್ಪಣೆ ಕೊಡುವ ಅಧಿಕಾರಿ ಖಡಾಖಂಡಿತವಾಗಿ ಹೇಳಿಬಿಟ್ಟ, ಈ ಸಲ ಒಂದೇ ಒಂದು ಡಿಕ್ಕಿಯಾದರೂ ಇನ್ನು ಮುಂದೆ ನೀವು ಹಾರಿಸುವಂತಿಲ್ಲ ಎಂದು. ಅವಳಿಗೆ ಬೇರೆ ಕಸುಬು ಬಾರದು. ಬೇರೆ ಕಸುಬು ಬೇಕಾಗಿಯೂ ಇರಲಿಲ್ಲ.

ಅಂಜಿದವರು ಏನು ಮಾಡುತ್ತಾರೆ? ಕಾವಲು ಹೆಚ್ಚಿಸುತ್ತಾರೆ. ಅವಳೂ ಅದನ್ನೇ ಮಾಡಿದಳು. ಪ್ರತಿ ಡ್ರೋನಿಗೂ ಒಂದು ಕಣ್ಣು ಕೂಡಿಸಿದಳು. ಪಕ್ಕದ್ದು ಹತ್ತಿರ ಬಂತೋ, ಸರಿದುಕೋ ಎಂದು ಕಲಿಸಿದಳು. ಇನ್ನು ತಾಗುವ ಮಾತೇ ಇಲ್ಲ ಎಂದುಕೊಂಡು ಬಹಳ ದಿನದ ಮೇಲೆ ನೆಮ್ಮದಿಯಾಗಿ ಉಂಡಳು.

ಸೇತುವೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಸಂಜೆ ಹೊಳೆಯ ಮರಳಿನ ಮೇಲೆ, ಜನರಿಲ್ಲದ ಕಡೆ, ಹಾರಿಸಿ ನೋಡಿದಳು. ಸಣ್ಣಗೆ ಗಾಳಿ ಬೀಸಿತು. ಒಂದು ಡ್ರೋನ್ ತುಸು ಅಲುಗಿತು. ಪಕ್ಕದ್ದು ಅದನ್ನು ಕಂಡು ಬೆದರಿ ಸರಿಯಿತು. ಅದು ಸರಿದದ್ದನ್ನು ಕಂಡು ಅದರಾಚೆಯದು ಸರಿಯಿತು. ಮುಗಿಯಿತು ನೋಡು, ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಒಂದರಿಂದ ತಪ್ಪಿಸಿಕೊಂಡದ್ದು ಹೋಗಿ ಇನ್ನೊಂದಕ್ಕೆ ಬಡಿಯಿತು. ಹನ್ನೊಂದು ಡ್ರೋನ್ ಮರಳಿಗೆ ಬಿದ್ದವು. ವನಮಾಲಾ ಅಲ್ಲೇ ಕುಕ್ಕರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಅದೇ ಮರಳಿನ ಆಚೆ ಬದಿಯಲ್ಲಿ ಕೆಂಪಸಿದ್ದಯ್ಯ ಎಂಬ ಮುದುಕ ತನ್ನ ಮೇಳಕ್ಕೆ ಕೋಲಾಟದ ಅಭ್ಯಾಸ ಮಾಡಿಸುತ್ತಿದ್ದ. ಸೇತುವೆಯ ದಿನ ಅವರ ಆಟವೂ ಇತ್ತು. ಅವನು ಬಂದು ಬಿದ್ದ ಡ್ರೋನೊಂದನ್ನು ಎತ್ತಿ, ಮರಳು ಕೊಡವಿ, ಅವಳ ಮುಂದಿಟ್ಟ.

"ಇವುಕ್ಕೆ ಕಣ್ ಕೊಟ್ಟಿದ್ದೀಯೇನವ್ವ?"

"ಕೊಟ್ಟಿದ್ದೀನಿ ತಾತ. ಒಂದಕ್ಕೊಂದು ತಾಗದೇ ಇರಲಿ ಅಂತ."

"ಅಯ್ಯೋ ನನ್ನವ್ವ, ಅದೇ ಕೆಡಿಸಿದ್ದು!" ಅವನು ಎಡಗೈ ಚಾಚಿದ. ಎರಡು ಬೆರಳು ಸೊಟ್ಟಗಿದ್ದವು. "ಹುಡುಗನಾಗಿದ್ದಾಗ ಎದುರಿನವನ ಕೋಲು ಎಲ್ಲಿ ಬಂದು ಬಡೀತದೋ ಅಂತ ಅದನ್ನೇ ನೋಡ್ಕೊಂಡು ಆಡ್ದೆ. ಅದಕ್ಕೆ ಸಿಕ್ಕಿದ ಬಹುಮಾನ ಇದು. ಎದುರಿನವನ ಕೋಲು ನೋಡ್ದೋನ ಬೆರಳೇ ಮುರಿಯೋದು ಕಣವ್ವ. ತಾಳ ಕೇಳು, ನಿನ್ನ ಹೆಜ್ಜೆ ನೀನಿಡು. ಅವನ ಕೋಲು ತಾನಾಗೇ ಜಾಗಕ್ಕೆ ಬತ್ತದೆ."

ಅವಳಿಗೆ ಸಿಟ್ಟೇ ಬಂತು. ನನ್ನ ಕಷ್ಟ ನನಗೆ, ಇವನಿಗೆ ಕೋಲಾಟ ಎಂದುಕೊಂಡಳು. ಆದರೂ ಕಾಲು ಅತ್ತ ಎಳೆಯಿತು. ಅಲ್ಲಿ ಜಡೆ ಕೋಲಾಟ ನಡೆದಿತ್ತು. ಎತ್ತರದಲ್ಲಿ ಕಟ್ಟಿದ ಬಳೆಯೊಂದರಿಂದ ಎಂಟು ಹಗ್ಗ ಇಳಿಬಿಟ್ಟಿದ್ದರು. ಎಂಟು ಜನ ಒಂದೊಂದು ಹಗ್ಗ ಹಿಡಿದು, ಒಬ್ಬ ಒಳಗಿನಿಂದ, ಒಬ್ಬ ಹೊರಗಿನಿಂದ ಹಾಯುತ್ತ ಸುತ್ತುತ್ತಿದ್ದರು. ತಲೆಯ ಮೇಲೆ ಹಗ್ಗಗಳು ಜಡೆಯಾಗಿ ಹೆಣೆದುಕೊಳ್ಳುತ್ತಿದ್ದವು. ಒಬ್ಬನೂ ಪಕ್ಕದವನನ್ನು ನೋಡಲಿಲ್ಲ. ಒಬ್ಬನ ಭುಜವೂ ಒಬ್ಬನಿಗೆ ತಾಗಲಿಲ್ಲ. ಬದಿಯಲ್ಲಿ ಕೆಂಪಸಿದ್ದಯ್ಯ ನಿಂತಲ್ಲಿಂದ ಕದಲದೆ ತಾಳ ಹಾಕುತ್ತಿದ್ದ.

"ಎಲಾ!" ಎಂದಳು ವನಮಾಲಾ. ಮರುದಿನವೇ ಬಿದ್ದವನ್ನು ದುರಸ್ತಿ ಮಾಡಿ, ಮುನ್ನೂರರ ಕಣ್ಣನ್ನೂ ಕಿತ್ತುಹಾಕಿದಳು.

ಆಮೇಲೆ ಅವಳು ಮಾಡಿದ್ದೆಲ್ಲ ನೆಲದ ಮೇಲಿನ ಕೆಲಸ. ಮೇಲೆ ಆಗಬಹುದಾದ ಜಗಳವನ್ನೆಲ್ಲ ಕೆಳಗೇ ತೀರಿಸಿದಳು. ಯಾವ ಡ್ರೋನು ಯಾವ ಕ್ಷಣಕ್ಕೆ ಎಲ್ಲಿರಬೇಕು ಎಂದು ಏರುವಾಗಿನಿಂದ ಇಳಿಯುವವರೆಗೆ ಬರೆದಳು. ಚಿತ್ರವಾಗಿ ಜಡೆಯನ್ನೇ ಆರಿಸಿಕೊಂಡಳು, ಅದೂ ಕೆಂಪಸಿದ್ದಯ್ಯನ ತಾಳಕ್ಕೆ. ಅವನ ತಾಳವನ್ನು ಧ್ವನಿಮುದ್ರಿಸಿಕೊಂಡು ಅದಕ್ಕೆ ಸರಿಯಾಗಿ ಹೆಜ್ಜೆ ಕೂಡಿಸಿದಳು. ಮೊದಲು ಕಂಪ್ಯೂಟರಿನೊಳಗೇ ಮುನ್ನೂರನ್ನೂ ಹಾರಿಸಿ, ಯಾವ ಎರಡು ಎಲ್ಲಿ ಹತ್ತಿರ ಬರುತ್ತವೆ ಎಂದು ಹುಡುಕಿದಳು. ನಲವತ್ತೇಳು ಕಡೆ ಸಿಕ್ಕಿತು. ಒಂದು ಕಡೆ ಒಂದನ್ನು ಎರಡು ತಾಳ ತಡವಾಗಿ ಕಳಿಸಿದಳು. ಇನ್ನೊಂದು ಕಡೆ ಒಂದನ್ನು ಮುಂದಿನಿಂದ, ಒಂದನ್ನು ಹಿಂದಿನಿಂದ ಹಾಯಿಸಿದಳು. ದಡದಲ್ಲಿ ನಿಂತವರಿಗೆ ಎರಡು ದೀಪ ಒಂದರೊಳಗೊಂದು ಹಾದುಹೋದಂತೆ ಕಾಣುತ್ತದೆ. ನಿಜದಲ್ಲಿ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಇರುತ್ತದೆ.

ಎಲ್ಲಕ್ಕೂ ಉಪಗ್ರಹದಿಂದ ಬರುವ ಒಂದೇ ಗಡಿಯಾರ ಕೊಟ್ಟಳು. ನೀನೆಲ್ಲಿದ್ದೀಯೆ ಎಂದು ಹೇಳುವುದೂ ಉಪಗ್ರಹವೇ. ಆದರೆ ಅದರ ಮಾತಿನಲ್ಲಿ ಒಂದೆರಡು ಮಾರು ಹೆಚ್ಚುಕಡಿಮೆ ಇರುತ್ತದೆ. ಅದಕ್ಕಾಗಿ ಮರಳಿನಲ್ಲಿ ಮೂರು ಕಾಲಿನ ಒಂದು ಕಂಬ ನಿಲ್ಲಿಸಿದಳು. ಕಂಬ ಅಲುಗುವುದಿಲ್ಲ, ತಾನು ನಿಂತ ಜಾಗ ಅದಕ್ಕೆ ಸರಿಯಾಗಿ ಗೊತ್ತು. ಉಪಗ್ರಹ ಎಷ್ಟು ತಪ್ಪಿತೆಂದು ಲೆಕ್ಕ ಹಾಕಿ ಮುನ್ನೂರಕ್ಕೂ ಹೇಳುತ್ತಲೇ ಇರುತ್ತದೆ. ಆಗ ಮಾರಿನ ತಪ್ಪು ಬೆರಳಗಲಕ್ಕೆ ಇಳಿಯುತ್ತದೆ. ನಿಂತಲ್ಲಿ ನಿಂತ ಒಬ್ಬನಿಲ್ಲದೆ ಮುನ್ನೂರು ಜನ ಕುಣಿಯಲಾರರು, ಮರಿ.

ಚಿತ್ರದ ಹಿಂದೆ ಒಂದು ಖಾಲಿ ಓಣಿಯನ್ನೂ ಬಿಟ್ಟಳು. ಕೈಲಾಗದ ಡ್ರೋನು ದೀಪ ಆರಿಸಿಕೊಂಡು ಆ ಓಣಿಯಲ್ಲಿ ಇಳಿದುಬಿಡಬೇಕು. ಅದರ ಜಾಗವನ್ನು ತುಂಬಲು ಪಕ್ಕದ್ದು ಹೋಗಕೂಡದು. ಜನ ಬಹು ದೂರ ನಿಲ್ಲುವಂತೆ ಸುತ್ತ ಹಗ್ಗ ಕಟ್ಟಿಸಿದಳು.

ಸೇತುವೆಯ ದಿನ ಬಂತು. ದಡದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಧಿಕಾರಿ ಅವಳ ಬೆನ್ನ ಹಿಂದೆಯೇ ಬಂದು ನಿಂತ. ಮುನ್ನೂರು ಡ್ರೋನ್ ಮರಳಿನ ಮೇಲೆ ಸಾಲು ಸಾಲಾಗಿ, ತಮ್ಮ ತಮ್ಮ ಚೌಕದಲ್ಲಿ ಕುಳಿತಿದ್ದವು. ಧ್ವನಿವರ್ಧಕದಲ್ಲಿ ತಾಳ ಕೇಳಿತು. ಸಾಲಿನ ಮೇಲೆ ಸಾಲು ಎದ್ದವು. ಆಕಾಶದಿಂದ ಎಂಟು ಬೆಳಕಿನ ಹಗ್ಗಗಳು ಇಳಿಬಿದ್ದವು. ಒಂದು ಒಳಗಿನಿಂದ, ಒಂದು ಹೊರಗಿನಿಂದ ಹೆಣೆದುಕೊಳ್ಳತೊಡಗಿದವು. ಕೆಳಗೆ ಕೆಂಪಸಿದ್ದಯ್ಯನ ಮೇಳವೂ ಅದೇ ತಾಳಕ್ಕೆ ಹೆಣೆಯುತ್ತಿತ್ತು. ಜನ ಉಸಿರು ಬಿಗಿಹಿಡಿದರು.

ಅರ್ಧ ಜಡೆಯಾಗಿತ್ತು. ವನಮಾಲಾಳ ಪರದೆಯ ಮೇಲೆ ಒಂದು ಚುಕ್ಕಿ ಕೆಂಪಾಯಿತು. ನೂರ ಹದಿನಾಲ್ಕನೆಯದರ ಮೋಟಾರು ಸೋಲುತ್ತಿತ್ತು. ಅವಳ ಬೆರಳು ಎಲ್ಲವನ್ನೂ ಒಮ್ಮೆಲೇ ಇಳಿಸುವ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಜಡೆ ಅರ್ಧಕ್ಕೇ ಹರಿದುಹೋಗುತ್ತದೆ. ಒತ್ತದೆ ಎರಡು ತಾಗಿದರೆ ಕಸುಬು ಇವತ್ತಿಗೇ ಮುಗಿಯಿತು. ಎದುರಿನ ಸಾಲು ಆ ಜಾಗದತ್ತಲೇ ಬರುತ್ತಿತ್ತು. ಆಗ ತಾಳ ಕಿವಿಗೆ ಬಿತ್ತು. ಮೊದಲಿದ್ದಂತೆಯೇ ಇತ್ತು, ಒಂದಿಷ್ಟೂ ಅವಸರವಿಲ್ಲ. ಅವಳು ಬೆರಳೆತ್ತಿದಳು.

ನೂರ ಹದಿನಾಲ್ಕು ದೀಪ ಆರಿಸಿಕೊಂಡಿತು. ಹಿಂದಕ್ಕೆ ಸರಿದು, ಖಾಲಿ ಓಣಿ ಹಿಡಿದು, ಮರಳಿಗೆ ಇಳಿಯಿತು. ಎದುರಿನ ಸಾಲು ಬಂತು, ಬರಿದಾದ ಜಾಗದ ಪಕ್ಕದಲ್ಲೇ ಹಾಯಿತು. ಒಂದೂ ಬೆದರಲಿಲ್ಲ, ಒಂದೂ ಸರಿಯಲಿಲ್ಲ. ಜಡೆ ಪೂರ್ತಿಯಾಯಿತು. ಹೆಣೆದ ದಾರಿಯಲ್ಲೇ ಹಿಮ್ಮುಖವಾಗಿ ನಡೆದು ಅಷ್ಟನ್ನೂ ಬಿಚ್ಚಿಕೊಂಡಿತು. ಇನ್ನೂರ ತೊಂಬತ್ತೊಂಬತ್ತು ಡ್ರೋನ್ ತಮ್ಮ ತಮ್ಮ ಚೌಕದಲ್ಲಿ ಬಂದು ಕುಳಿತವು.

ದಡಕ್ಕೆ ದಡವೇ ಎದ್ದು ಕೂಗಿತು. ಸಿಳ್ಳೆ, ಚಪ್ಪಾಳೆ, ಪೇಟ ಹಾರಿಸಿದವರೆಷ್ಟೋ! ಒಂದು ದೀಪ ಕಡಿಮೆಯಾದದ್ದು ಒಬ್ಬರಿಗೂ ತಿಳಿಯಲಿಲ್ಲ. "ಮುಂದಿನ ವರ್ಷದ ಜಾತ್ರೆಗೂ ನೀವೇ ಬರಬೇಕು ತಾಯಿ," ಎಂದ ಅಧಿಕಾರಿ, ಎರಡೂ ಕೈ ಮುಗಿದು. ವನಮಾಲಾ ಮರಳಿನ ಮೇಲೆ ಓಡಿ ನೂರ ಹದಿನಾಲ್ಕನ್ನು ಎತ್ತಿಕೊಂಡಳು. ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಎದೆಗವಚಿಕೊಂಡು ಸಂತೋಷಕ್ಕೆ ಗಳಗಳನೆ ಅತ್ತಳು. ಕೆಂಪಸಿದ್ದಯ್ಯ ತನ್ನ ಸೊಟ್ಟ ಬೆರಳಿನ ಕೈಯನ್ನು ಅವಳ ತಲೆಯ ಮೇಲಿಟ್ಟ.

ಸ್ವಾಮಿಗಳು ಕತೆ ನಿಲ್ಲಿಸಿದರು. ಮರಿದೇವನ ಮುಖ ಅರಳಿತ್ತು.

"ತಿಳಿಯಿತು ಬುದ್ಧಿ! ಈಗಲೇ ಹೋಗಿ ಎಂಬತ್ತು ಜನಕ್ಕೂ ಹೇಳುತ್ತೇನೆ. ಪಕ್ಕದವನನ್ನು ಯಾರೂ ನೋಡಕೂಡದು, ಎಲ್ಲರೂ ತಾಳ ಕೇಳಿ ನಡೆಯಬೇಕು ಅಂತ. ತಪ್ಪಿದವರನ್ನು ನಾನು ಬಿಡುವುದಿಲ್ಲ."

ಸ್ವಾಮಿಗಳು ಅಂಗಳದತ್ತ ನೋಡಿದರು. ಅಲ್ಲಿನ ಕಂಬದ ನೆರಳು ಬುಡ ಮುಟ್ಟಿ, ಆಚೆಗೂ ಸರಿದಿತ್ತು; ನಡುಹಗಲು ದಾಟಿತ್ತು. ದಾಸೋಹದ ಬಾಗಿಲಲ್ಲಿ ಅಡುಗೆಯವರೂ ಪಾಠದವರೂ ಹೊತ್ತು ತಿಳಿಯದೆ ಒಬ್ಬರನ್ನೊಬ್ಬರು ನೂಕುತ್ತ ನಿಂತಿದ್ದರು.

ಸ್ವಾಮಿಗಳು ಹೇಳಿದರು, "ಹೇಳುವೆಯಂತೆ ಮರಿ, ಊಟದ ಗಂಟೆ ಇನ್ನೂ ಹೊಡೆದಿಲ್ಲವಲ್ಲ?"

ಮರಿದೇವ ತನ್ನ ಕೈಯಲ್ಲಿದ್ದ ಕೊಡತಿಯನ್ನು ನೋಡಿದ. ನೆಟ್ಟಗೆ ಗಂಟೆಯ ಕಡೆಗೆ ನಡೆದ.