ತೂಬು ಬಿಡದ ಯಕ್ಷ

ಮರುಳಯ್ಯ ಗುರುಗಳ ಆಶ್ರಮದಲ್ಲಿ ಧ್ಯಾನ ಕಲಿಸುತ್ತಿರಲಿಲ್ಲ. ಕಥೆಯಾಟ ಕಲಿಸುತ್ತಿದ್ದರು. ಮೋಕ್ಷ ಹುಡುಕಿಕೊಂಡು ಬಂದವರು ಒಂದು ಲೋಟ ಮಜ್ಜಿಗೆ ಕುಡಿದು ಮುಂದಿನ ಆಶ್ರಮದ ದಾರಿ ಹಿಡಿಯುತ್ತಿದ್ದರು.

ಹೊಳೆಯ ದಂಡೆಯಲ್ಲಿ, ಹೊಂಗೆ ಮರದ ಕೆಳಗೆ ಚಾಪೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗಿನ ವೀರರಾಗಿ, ಏನು ಮಾಡುತ್ತೇವೆಂದು ತಾವೇ ಹೇಳುತ್ತಾರೆ. ಗೆಲುವೋ ಸೋಲೋ ತಿಳಿಯದ ಕಡೆ ದಾಳ ಹಾಕುತ್ತಾರೆ. ವೀರರನ್ನು ಬಿಟ್ಟು ಕಥೆಯಲ್ಲಿ ಬರುವ ಎಲ್ಲರ ಮಾತನ್ನೂ ನಡೆಸುವವನೇ ಆಡಬೇಕು. ಖಳನ ಮಾತನ್ನೂ ಅವನೇ ಆಡಬೇಕು.

ತಿಪ್ಪೇಶ ಆಶ್ರಮದ ಹಳೆಯ ಶಿಷ್ಯ. ಹೊಳೆಯಾಚೆ ಹೋಗಿ ಸ್ವಂತ ಚಾಪೆ ಹಾಸಿ ಆಟ ನಡೆಸಬೇಕೆಂಬುದು ಅವನ ಆಸೆ. ಅದಕ್ಕೆ ಗುರುಗಳ ಅಪ್ಪಣೆಯಾಗಬೇಕು. ಪ್ರತಿ ಸುಗ್ಗಿಗೂ ಕೇಳುತ್ತಿದ್ದ. ಪ್ರತಿ ಸುಗ್ಗಿಗೂ ಗುರುಗಳು, "ಇನ್ನೊಂದು ಸ್ವಲ್ಪ ದಿನ ಹೋಗ್ಲಿ" ಎನ್ನುತ್ತಿದ್ದರು.

ಈ ಸಲ ಅವನು ಕೇಳಿದಾಗ ಬೇರೆ ಮಾತು ಬಂತು.

"ನಂಗೊಬ್ಬ ಖಳನನ್ನ ತೋರ್ಸು. ಒಪ್ಪಿಗೆಯಾದ್ರೆ ಹೊರಡುವೆಯಂತೆ."

ತಿಪ್ಪೇಶನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಮಾರನೆಯ ಬೆಳಿಗ್ಗೆ ಅವನ ಜೊತೆಯ ಶಿಷ್ಯರಾದ ಹನುಮಕ್ಕ, ಓಬಳೇಶ ಇಬ್ಬರೂ ವೀರರಾಗಿ ಕೂತರು. ಗುರುಗಳೂ ಒಂದು ಹುಣಸೆಬೀಜವನ್ನು ತಮ್ಮ ಕಾಯಿ ಮಾಡಿಕೊಂಡು ಕೂತರು.

ತಿಪ್ಪೇಶ ಘೋರಕೇತು ಎಂಬ ರಾಕ್ಷಸನನ್ನು ಕರೆತಂದ. ಮೂರು ತಲೆ. ಉಸಿರು ಬಿಟ್ಟರೆ ಬೆಂಕಿ. ಬೆಟ್ಟದ ಕೆಳಗಿನ ಊರನ್ನು ಸುಟ್ಟು ಈಗಷ್ಟೇ ಮರಳಿದ್ದಾನೆ.

ಓಬಳೇಶ ದಾಳಕ್ಕೆ ಕೈ ಹಾಕಿದ. ಗುರುಗಳು ಅವನ ಕೈ ಹಿಡಿದು, ತಮ್ಮ ಹುಣಸೆಬೀಜವನ್ನು ರಾಕ್ಷಸನ ಮುಂದಕ್ಕೆ ಸರಿಸಿದರು.

"ಊಟ ಆಯ್ತಾ ಸ್ವಾಮಿ?"

ತಿಪ್ಪೇಶ ಕಕ್ಕಾಬಿಕ್ಕಿಯಾದ. "ಯಾರನ್ನ ಕೇಳ್ತಿದೀರಿ ಗುರುಗಳೇ?"

"ಘೋರಕೇತೂನ. ದೂರದಿಂದ ಬಂದಿದಾನೆ, ಸುಸ್ತಾಗಿರುತ್ತೆ. ಏನು ಅಡುಗೆ? ಯಾರು ಬಡಿಸಿದ್ರು? ಯಾವ ಬಾಯಿಗೆ ಮೊದಲು?"

"ಅವನು... ಅವನು ಬೆಂಕಿ ಉಗುಳ್ತಾನೆ."

"ಅದು ಗೊತ್ತಾಯ್ತು. ಹಸಿವಾದಾಗ ಏನ್ ಮಾಡ್ತಾನೆ?"

ಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಓಬಳೇಶ ಸುಮ್ಮನೆ ದಾಳ ಹಾಕಿದ. ಮೂರು ತಲೆಗಳೂ ಉರುಳಿದವು. ಯಾರಿಗೂ ಏನೂ ಅನ್ನಿಸಲಿಲ್ಲ.

ತಿಪ್ಪೇಶ ಸೋಲೊಪ್ಪುವ ಆಸಾಮಿಯಲ್ಲ. ಕೆಲವು ದಿನ ಬಿಟ್ಟು ಘೋರಕೇತುವನ್ನೇ ಮತ್ತೆ ಕರೆತಂದ. ಈಗ ಅವನಿಗೆ ಒಂದೇ ತಲೆ, ಆದರೆ ಕಷ್ಟಗಳು ಮಾತ್ರ ಲೆಕ್ಕವಿಲ್ಲದಷ್ಟು. ಹುಟ್ಟುವಾಗಲೇ ತಾಯಿ ಹೋದಳು. ಊರಿನವರು ಕಲ್ಲು ಹೊಡೆದು ಅಟ್ಟಿದರು. ಒಂದು ನಾಯಿ ಸಾಕಿದ್ದ, ಅದೂ ಸತ್ತಿತು.

ಕಥೆ ಹೇಳುವುದರಲ್ಲಿ ತಿಪ್ಪೇಶನದು ಎತ್ತಿದ ಕೈ. ಹನುಮಕ್ಕ ಗೊಳೋ ಎಂದು ಅತ್ತಳು. ಓಬಳೇಶ ತನ್ನ ವೀರನ ಕತ್ತಿ ಪಕ್ಕಕ್ಕಿಟ್ಟು ರಾಕ್ಷಸನಿಗೆ ಕಂಬಳಿ ಹೊದಿಸಿದ. ಗುರುಗಳೂ ಮೂಗು ಒರೆಸಿಕೊಂಡರು.

"ಅಪ್ಪಣೆ ಆಯ್ತಾ ಗುರುಗಳೇ?"

"ಆ ಊರು ಏನಾಯ್ತಪ್ಪಾ?"

"ಯಾವ ಊರು?"

"ಇವನು ಸುಟ್ಟಿದ್ನಲ್ಲ, ಆ ಊರು."

ಚಾಪೆಯ ಮೇಲಿದ್ದ ಮೂವರಿಗೂ ಆ ಊರಿನ ನೆನಪೇ ಇರಲಿಲ್ಲ.

"ಅಳೋ ಗಡಿಬಿಡೀಲಿ ನಂಗೂ ಮರ್ತೇ ಹೋಗಿತ್ತು," ಎಂದರು ಗುರುಗಳು. "ಇನ್ನೊಂದು ಸ್ವಲ್ಪ ದಿನ ಹೋಗ್ಲಿ."

ತಿಪ್ಪೇಶನಿಗೆ ಮೈಯೆಲ್ಲ ಉರಿಯಿತು. ಆದರೆ ಶಿಷ್ಯನಾದವನು ಉರಿದರೂ ಹೊಗೆ ಕಾಣಿಸಬಾರದಲ್ಲ. ಗುರುಗಳು ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತ.

"ಖಳನನ್ನ ಎಲ್ಲಿಂದ ತರ್ಲಿ ಗುರುಗಳೇ?"

"ನಿಂಗೆ ಯಾರ ಮೇಲೆ ಸಿಟ್ಟಿದೆ?"

"ಯಾರ ಮೇಲೂ ಇಲ್ಲ."

ಗುರುಗಳು ತಳ ಹತ್ತಿದ ಪಾತ್ರೆಯೊಂದನ್ನು ಅವನ ಕೈಗೆ ಕೊಟ್ಟರು. ತಿಪ್ಪೇಶ ಉಜ್ಜಿದ. ಅವನು ಉಜ್ಜಿದ ರಭಸಕ್ಕೆ ದಂಡೆಯ ಕೊಕ್ಕರೆಗಳು ಹಾರಿಹೋದವು.

"ಯಾರ ಮೇಲೂ ಇಲ್ವಾ?"

"ನಿಮ್ಮ ಮೇಲಿದೆ!"

ಅಂದುಬಿಟ್ಟ ಮೇಲೆ ಅವನು ಪಾತ್ರೆಯೊಳಗೆ ತಲೆ ತಗ್ಗಿಸಿದ. ಗುರುಗಳ ಮುಖ ಮಾತ್ರ ಅರಳಿತು.

"ಸದ್ಯ, ಬಾಯಿ ಬಿಟ್ಟೆ! ನಿನ್ನ ಸಿಟ್ಟಿನ ಆ ಗುರೂನ್ನೇ ಖಳ ಮಾಡಿ ಚಾಪೆಗೆ ಕರ್ಕೊಂಡು ಬಾ. ಆದ್ರೆ ಅವನ ಕೈಲಿ ದಡ್ಡ ಮಾತು ಆಡಿಸ್ಬೇಡ. ನಾನೇ ಕೂತು ನನ್ನ ಪರ ವಾದ ಮಾಡಿದ್ರೆ ಹೇಗಿರುತ್ತೋ, ಹಾಗೆ ಮಾತಾಡ್ಬೇಕು ಅವನು."

ತಿಪ್ಪೇಶ ಗುರುಗಳನ್ನು ಗಮನಿಸತೊಡಗಿದ. ತಪ್ಪು ಹುಡುಕುವುದು ಕಷ್ಟವಾಗಲಿಲ್ಲ, ಅದು ಯಾರಿಗೂ ಕಷ್ಟವಲ್ಲ. ಇವರು ಯಾಕೆ ನನ್ನನ್ನು ಕಳಿಸುತ್ತಿಲ್ಲ ಎಂಬುದೇ ಕಗ್ಗಂಟು.

ಅವಸರಪಟ್ಟು ಹೋದ ಕೆಲವು ಶಿಷ್ಯರು ಕೇಳುವವರಿಲ್ಲದೆ, ಆಟವನ್ನೇ ಬಿಟ್ಟು ಕೂತದ್ದು ನಿಜ. ಗುರುಗಳಿಗೆ ಆ ಭಯವಿತ್ತು. ಜೊತೆಗೆ ಇನ್ನೊಂದೂ ಇತ್ತು. ತಿಪ್ಪೇಶ ಕಥೆ ಶುರು ಮಾಡಿದರೆ ಸಾಕು, ಅವರು ಕೈಲಿದ್ದ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅವನು ಅಪ್ಪಣೆ ಕೇಳಿದರೆ ಸಾಕು, ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದರು. ಇಷ್ಟು ವರ್ಷ ಅವನು ಅದನ್ನು ಬೇಸರವೆಂದುಕೊಂಡಿದ್ದ.

ಅವನ ಸಿಟ್ಟೇನೂ ಹೋಗಲಿಲ್ಲ. ಅದರ ಪಕ್ಕದಲ್ಲೇ ಪ್ರೀತಿಯೂ ಬಂದು ಕೂತಿತು, ಅಷ್ಟೆ. ಎರಡರಲ್ಲಿ ಒಂದೂ ಜಾಗ ಬಿಟ್ಟುಕೊಡಲಿಲ್ಲ.

ಮುಂದಿನ ಆಟಕ್ಕೆ ಅವನು ರಾಕ್ಷಸನನ್ನು ತರಲಿಲ್ಲ.

"ಬೆಟ್ಟದ ಮೇಲೊಂದು ಕೆರೆ," ಎಂದು ಶುರು ಮಾಡಿದ. "ಒಬ್ಬ ಯಕ್ಷನೇ ಅದರ ನೀರುಗಂಟಿ. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡೋದು ಅವನ ಕೆಲಸ. ಈ ವರ್ಷ ತೆಗೆದಿಲ್ಲ. ಕೆಳಗಿನ ಊರಲ್ಲಿ ಪೈರು ಬಾಡ್ತಾ ಇದೆ."

"ನಾನು ಕತ್ತಿ ಎತ್ತಿದೆ," ಎಂದ ಓಬಳೇಶ.

ತಿಪ್ಪೇಶ ಯಕ್ಷನಾದ. "ಎತ್ತಪ್ಪ. ಮೊದ್ಲು ಹೋಗಿ ಕೆರೆಯ ಏರೀನ ನೋಡ್ಕೊಂಡು ಬಾ. ತೂಬಿನ ಬುಡದಲ್ಲಿ ಬಿರುಕು ಬಿಟ್ಟಿದೆ. ಈಗ ತೂಬು ತೆಗೆದ್ರೆ ಏರಿ ಕಿತ್ಕೊಂಡು ಹೋಗುತ್ತೆ. ಪೈರಲ್ಲ, ಊರೇ ಇರಲ್ಲ."

ಓಬಳೇಶ ಕತ್ತಿ ಇಳಿಸಿದ.

ಹನುಮಕ್ಕ ಬಿಡಲಿಲ್ಲ. "ಹಾಗಾದ್ರೆ ಊರಿನವರಿಗೆ ಹೇಳ್ಬೇಕಿತ್ತು. ಯಾಕೆ ಮುಚ್ಚಿಟ್ಟೆ?"

ಯಕ್ಷ ತಡವರಿಸಿದ. "ಹೇಳಿದ್ರೆ ಬಂದು ಸರಿ ಮಾಡ್ಕೊಂಡು ಹೋಗ್ತಾರಮ್ಮ. ಈಗ ದಿನಾ ಬೆಳಿಗ್ಗೆ ಬರ್ತಾರೆ. ಯಕ್ಷಪ್ಪ, ಇವತ್ತಾದ್ರೂ ಬಿಡಪ್ಪ ಅಂತ ಕಟ್ಟೆ ಮೇಲೆ ಕೂತು ಮಾತಾಡಿಸ್ತಾರೆ. ನೀರು ಸಿಕ್ಕಿದ ಮೇಲೆ ಈ ಬೆಟ್ಟ ಯಾರು ಹತ್ತುತಾರೆ?"

"ಥೂ, ಪಾಪಿ!" ಎಂದಳು ಹನುಮಕ್ಕ.

"ಇವನು ತಡೀದೆ ಇದ್ದಿದ್ರೆ ಊರು ಕೊಚ್ಚಿ ಹೋಗಿರೋದಲ್ವೇನಕ್ಕ?" ಎಂದ ಓಬಳೇಶ.

"ಪೈರು ಒಣಗಿಸಿ ಸಾಯ್ಸೋದು ಪುಣ್ಯನಾ?"

ಇಬ್ಬರಿಗೂ ಜಗಳ ಜೋರಾಗಿ ಹತ್ತಿಕೊಂಡಿತು. ಕತ್ತಿ ಎತ್ತಿದರೆ ಊರು ಉಳಿಯುವ ಹಾಗಿರಲಿಲ್ಲ. ಕ್ಷಮಿಸಿ ಕಂಬಳಿ ಹೊದಿಸಿದರೆ ಪೈರು ಉಳಿಯುವ ಹಾಗಿರಲಿಲ್ಲ. ಬಿಸಿಲು ಚಾಪೆಯ ಮೇಲೇ ಬಂದರೂ ಯಾರೂ ಸರಿದು ಕೂರಲಿಲ್ಲ, ಯಾರೂ ದಾಳ ಮುಟ್ಟಲಿಲ್ಲ.

ಆಗ ಗುರುಗಳು ಮುಂದೆ ಬಂದರು.

"ನಾನು ಕೆಳಗಿನ ಊರಿನ ಮುದುಕ. ಏರಿ ನಾವು ಕಟ್ಟಿಕೊಡ್ತೀವಿ ಯಕ್ಷಪ್ಪ. ಊರಿಗೆ ಊರೇ ಬಂದು ಮಣ್ಣು ಹೊರ್ತೀವಿ. ಏರಿ ಭದ್ರವಾದ ಮೇಲೆ ತೂಬು ಬಿಡ್ತೀಯಾ?"

ಬಿಡುತ್ತೇನೆ ಎಂದರೆ ಆಟ ಮಂಗಳವಾಗಿ ಮುಗಿಯುತ್ತಿತ್ತು. ಬಿಡುವುದಿಲ್ಲ ಎಂದರೆ ಓಬಳೇಶನ ಕತ್ತಿ ಸಿದ್ಧವಿತ್ತು. ಎರಡೂ ಸುಳ್ಳು ಎಂದು ತಿಪ್ಪೇಶನಿಗೆ ಗೊತ್ತಿತ್ತು. ಎದುರು ಕೂತ ಮುಖವನ್ನು ನೋಡಿದ.

"ಬಿಡ್ಬೇಕು ಅಂತ ನಂಗೂ ಇದೆ ಅಜ್ಜ. ಆದ್ರೆ ನೀವು ಏರಿ ಕಟ್ಟಿ ಮುಗಿಸೋ ಹೊತ್ತಿಗೆ ನಾನು ಇನ್ನೊಂದು ಕಾರಣ ಹುಡುಕಿರ್ತೀನಿ."

ಹನುಮಕ್ಕ, ಓಬಳೇಶ ಗುರುಗಳ ಕಡೆ ತಿರುಗಿದರು. ಯಕ್ಷ ಯಾರೆಂದು ಈಗ ಅವರಿಗೂ ತಿಳಿದುಹೋಗಿತ್ತು.

ಗುರುಗಳು ನಕ್ಕರು. ಮೊದಲು ಮೀಸೆಯೊಳಗೆ, ಆಮೇಲೆ ಭುಜ ಕುಣಿಸಿಕೊಂಡು. ತಮ್ಮನ್ನು ಯಾರೋ ಸರಿಯಾಗಿ ಹಿಡಿದುಹಾಕಿದರಲ್ಲ ಎಂಬ ಸಂತೋಷ ಅದು. ನಕ್ಕು ಮುಗಿಸಿ ದಾಳಗಳನ್ನು ಎತ್ತಿ ತಿಪ್ಪೇಶನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಹೊರಡು."

ತಿಪ್ಪೇಶ ಕಾಲು ಮುಟ್ಟಿ ನಮಸ್ಕರಿಸಿದ. ಇಷ್ಟು ವರ್ಷ ಬಯಸಿದ್ದು ಕೈಲಿತ್ತು. ಸಂತೋಷವೇ ಆಗಿತ್ತು, ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ.

"ಗುರುಗಳೇ, ನೀವು ಇನ್ನೊಂದು ಕಾರಣ ಹುಡುಕೋದಿಲ್ವಾ?"

ಗುರುಗಳು ಹೊಳೆಯ ಕಡೆ ಮುಖ ಮಾಡಿದ್ದರು.

"ಹುಡುಕ್ತಾ ಇದೀನಿ ಕಣಪ್ಪ. ಸಿಗೋದ್ರೊಳಗೆ ದಾಟಿಬಿಡು."