ಗರಿಕೆ ಉಗುಳಿದ ಟಿಟ್ಟವ್ವ

ಕೆರೆ ಇನ್ನೂ ತನ್ನ ದಂಡೆ ಎಲ್ಲಿದೆ ಎಂದು ಹುಡುಕುತ್ತಿದ್ದ ಕಾಲ. ಮಣ್ಣು ಹಸಿಯಾಗಿತ್ತು, ಗಾಳಿಗೆ ದಾರಿ ಗೊತ್ತಿರಲಿಲ್ಲ. ಆಗಲೇ ಕೊಕ್ಕರೆ ಹೇಳಿಬಿಟ್ಟಿದ್ದ: ಟಿಟ್ಟಿಭ ಹಕ್ಕಿ ಟಿಟ್ಟವ್ವನ ಕೈಲಿ ಮರದ ಮೇಲೆ ಗೂಡು ಕಟ್ಟುವುದು ಆಗುವುದಿಲ್ಲ.

ಒಂಟಿಕಾಲಲ್ಲಿ ನಿಂತು, ಅವಳ ಕಾಲನ್ನೇ ನೋಡುತ್ತಾ ಹೇಳಿದ್ದ. "ತಂಗೀ, ನಿನ್ನದು ಓಡೋ ಕಾಲು. ಹಿಂಬೆರಳು ನೋಡಿಕೋ, ಅಕ್ಕಿಕಾಳಿನಷ್ಟಿದೆ. ಅದು ಕೊಂಬೆ ಹಿಡಿಯುತ್ತಾ? ನೆಲದವಳು ನೆಲದಲ್ಲಿರು."

ಕೆರೆಯ ಕಪ್ಪೆಗಳೆಲ್ಲ ನಕ್ಕವು. ಆ ನಗು ಟಿಟ್ಟವ್ವನ ಎದೆಯಲ್ಲಿ ಕೆಂಡದ ಹಾಗೆ ಕೂತಿತು.

ಅವಳು ನೆಟ್ಟಗೆ ದಂಡೆಯ ಅತ್ತಿಮರಕ್ಕೆ ಹೋದಳು. ಹತ್ತಿದಳು, ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಗೀಜಗ ಗೂಡು ಹೆಣೆಯುವುದನ್ನು ದೂರದಿಂದ ನೋಡಿ ಕಲಿತಳು. ಕೇಳಿದ್ದರೆ ಅವನು ಸಂತೋಷದಿಂದ ಕಲಿಸುತ್ತಿದ್ದ. ಆದರೆ ಕೇಳುವ ಜಾತಿಯವಳಲ್ಲ ಅವಳು. ಬಿದ್ದು ಬಿದ್ದೇ ಹಿಂಬೆರಳು ಬಲಿಯಿತು, ಉದ್ದವಾಯಿತು, ಕೊಂಬೆಯನ್ನು ಸುತ್ತಿ ಹಿಡಿಯಿತು. ಕೊನೆಗೊಂದು ದಿನ, ಕಲ್ಲುದಂಡೆಯ ಮೇಲೆ ಚಾಚಿದ ಕೊಂಬೆಯಲ್ಲಿ ಅವಳ ಗೂಡು ನಿಂತಿತು. ಗೂಡಿನಲ್ಲಿ ಹಾಲಿನಂಥ ಬಿಳಿಯ ನಾಲ್ಕು ಮೊಟ್ಟೆ.

ಆಗ ಬಂದಳು ಗೊರವ್ವ. ಅರಿಶಿನಗಣ್ಣಿನ ಗೊರವಂಕ. ಬೇಸಿಗೆಯೆಲ್ಲ ಕೆರೆಯಾಚೆ ಇದ್ದು ಮರಳಿದವಳು, ಗೂಡು ನೋಡಿ ಹೌಹಾರಿದಳು. ಈ ಕೊಂಬೆ ನಮ್ಮದು, ನಮ್ಮವ್ವ ಮಲಗುತ್ತಿದ್ದ ಕೊಂಬೆ ಎಂದಳು. ಗೂಡು ಯಾರದೋ, ಕೊಂಬೆಯೂ ಅವರದೇ ಎಂದಳು ಟಿಟ್ಟವ್ವ. ಬೆಳಗಾದರೆ ಇದೇ ಜಗಳ, ಸಂಜೆಯಾದರೆ ಇದೇ ಜಗಳ. ಕೇಳಿ ಕೇಳಿ ಎಲೆಗಳಿಗೆ ತಲೆನೋವು ಬಂತು.

ಕೊನೆಗೆ ಆ ಮರವೇ, ಅತ್ತಿಮರದಜ್ಜಿಯೇ, ಇಬ್ಬರನ್ನೂ ಕರೆದಳು. "ಸಾಕು. ನಾಳೆ ಗರಿಕೆ ನ್ಯಾಯ."

ಆ ಮರದ ಪದ್ಧತಿ ಅದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೊಕ್ಕಿನಲ್ಲಿ ಗರಿಕೆಯ ಒಂದು ಎಸಳು ಹಿಡಿದಿರಬೇಕು. ಮಾತಾಡುವವರು "ಮುಗಿಯಿತು" ಎನ್ನುವ ತನಕ ಅದು ಬೀಳಬಾರದು. ಮುಗಿದ ಮೇಲೆ ಗರಿಕೆ ಕೆಳಗಿಟ್ಟು, ಕೇಳಿಸಿಕೊಂಡದ್ದನ್ನು ಮೊದಲು ತಿರುಗಿ ಹೇಳಬೇಕು. ತನ್ನ ಮಾತು ಆಮೇಲೆ. ನಡುವೆ ಉಗುಳಿದವರಿಗೆ ಮಾತಿಲ್ಲ.

"ನನಗೆ ಕೋಪ ಬಂದರೆ?" ಎಂದು ಟಿಟ್ಟವ್ವ ಕೇಳಿದಳು.

"ಕೋಪಾನೂ ಇಟ್ಟುಕೋ ಮಗಳೇ, ಗರಿಕೇನೂ ಇಟ್ಟುಕೋ," ಎಂದಳು ಅಜ್ಜಿ.

ಮರುದಿನ ಟಿಟ್ಟವ್ವ ಗೂಡಿನ ಅಂಚಿನಲ್ಲೇ ಕೂತಳು. ಮೊಟ್ಟೆ ಬಿಟ್ಟು ಕದಲುವವಳಲ್ಲ. ಹಕ್ಕಿಗಳೆಲ್ಲ ನೆರೆದಿದ್ದವು. ಕೊಕ್ಕರೆಯೂ ಬಂದಿದ್ದ.

ಗೊರವ್ವ ಶುರು ಮಾಡಿದಳು. ಅವ್ವನ ವಿಷಯ ಹೇಳಿದಳು. ಮಳೆಯಲ್ಲಿ ಅವ್ವ ರೆಕ್ಕೆ ಹರಡಿ ಮಕ್ಕಳನ್ನು ಮುಚ್ಚಿ ಕೂತದ್ದು ಇದೇ ಕೊಂಬೆ ಎಂದಳು. ಟಿಟ್ಟವ್ವ ಗರಿಕೆ ಕಚ್ಚಿ ಕೇಳಿದಳು. ಆಮೇಲೆ ಗೊರವ್ವನ ನಾಲಿಗೆ ಜಾರಿತು.

"ಕೊಂಬೆಯ ಬೆಲೆ ಇವಳಿಗೇನು ಗೊತ್ತು? ನೆಲದವಳು. ಕೊಕ್ಕರೆಯಣ್ಣ ಅವತ್ತೇ ಹೇಳಿದ್ದ."

ಕಪ್ಪೆಗಳು ಕಿಸಕ್ಕೆಂದವು. ಗರಿಕೆಯ ಎಸಳು ನಡುಗಿತು. ಗಾಳಿ ಟಿಟ್ಟವ್ವನ ಕಿವಿಯ ಹತ್ತಿರ ಬಂದು, "ಹಿಡಿದುಕೋ, ಹಿಡಿದುಕೋ, ಅವಳ ಮಾತು ಇನ್ನೂ ಮುಗಿದಿಲ್ಲ," ಎಂದಿತು.

"ಆದರೂ..." ಎಂದಳು ಗೊರವ್ವ.

ಟಿಟ್ಟವ್ವ ಗರಿಕೆ ಉಗುಳಿದಳು.

ಕೂಗಿದಳು. ಬಿದ್ದದ್ದು ಹತ್ತಿದ್ದು, ಒಬ್ಬಳೇ ಕಲಿತದ್ದು, ಒಬ್ಬಳೇ ಕಟ್ಟಿದ್ದು, ನಕ್ಕವರ ಮೂತಿ, ಎಲ್ಲವನ್ನೂ ಕೂಗಿದಳು. ಅದರಲ್ಲಿ ಒಂದೂ ಸುಳ್ಳಲ್ಲ. ಆದರೆ ಆ ಅಬ್ಬರದಲ್ಲಿ ಒಂದು ಮಾತೂ ಯಾರಿಗೂ ತಿಳಿಯಲಿಲ್ಲ. ಕೂಗುತ್ತಾ ಕಾಲು ಅಪ್ಪಳಿಸಿದಳು, ರೆಕ್ಕೆ ಬಡಿದಳು. ಕೊಂಬೆ ಓಲಾಡಿತು. ಗೂಡು ವಾಲಿತು. ಒಂದು ಮೊಟ್ಟೆ ಕಲ್ಲಿನ ಮೇಲೆ ಬಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಉಳಿದವೂ ಹೋದವು.

ಕಪ್ಪೆಗಳು ನೀರಿಗೆ ಇಳಿದವು.

ಟಿಟ್ಟವ್ವ ಗೊರವ್ವನ ಕಡೆ ತಿರುಗಿ ಕೇಳಿದಳು: "ಆದರೂ ಅಂದೆಯಲ್ಲ, ಮುಂದೇನಿತ್ತು?"

ಗೊರವ್ವ ತಲೆ ಎತ್ತಲಿಲ್ಲ. "ಆದರೂ ಬಾಣಂತಿ, ಮರಿ ಹಾರೋವರೆಗೂ ಅವಳೇ ಇರಲಿ, ನಾನು ಕಾವಲು ಕೂರ್ತೀನಿ ಅನ್ನೋಳಿದ್ದೆ ಅಕ್ಕಾ. ನೆಲದವಳು ಅಂದದ್ದು ತಪ್ಪು. ಅದು ನನ್ನದು."

ಕೊಂಬೆ ನಿನಗೇ ಇರಲಿ ಎಂದಳು ಗೊರವ್ವ. ಇಬ್ಬರಿಗೂ ಜಾಗವಿದೆ ಎಂದಳು ಅಜ್ಜಿ. ಟಿಟ್ಟವ್ವ ಒಪ್ಪಲಿಲ್ಲ. ತಾನೇ ಅಲ್ಲಾಡಿಸಿದ ಕೊಂಬೆಯನ್ನು ಮತ್ತೆ ಹಿಡಿಯಲಾರೆ ಎಂದು ಮರ ಇಳಿದಳು. ಕೋಪಕ್ಕೂ ಅಳುವಿಗೂ ಕೆಂಪೇರಿದ ಕಣ್ಣಂಚು ಕೆಂಪಾಗಿಯೇ ಉಳಿಯಿತು. ಹಿಡಿಯಲು ಕೊಂಬೆಯಿಲ್ಲದೆ ಹಿಂಬೆರಳು ಸವೆದು ಮತ್ತೆ ಅಕ್ಕಿಕಾಳಿನಷ್ಟಾಯಿತು. ಗೊರವ್ವನೂ ಆ ಕೊಂಬೆಯಲ್ಲಿ ಗೂಡು ಕಟ್ಟಲಿಲ್ಲ. ಪೊಟರೆ ಹುಡುಕಿಕೊಂಡು ಹೋದಳು. ಇವತ್ತಿಗೂ ಗೊರವಂಕದ ಮನೆ ಪೊಟರೆಯೇ.

ಟಿಟ್ಟವ್ವ ಕಲ್ಲುದಂಡೆಯಲ್ಲಿ ಎದೆಯಿಂದ ಉಜ್ಜಿ ಉಜ್ಜಿ ಒಂದು ಗುಳಿ ಮಾಡಿದಳು. ಅವತ್ತು ಮೊಟ್ಟೆ ಒಡೆದದ್ದು ತಮ್ಮ ಮೇಲೆ ಎಂದು ಕಲ್ಲುಗಳಿಗೂ ನೋವಿತ್ತು. "ನಮ್ಮ ಬಣ್ಣ ತಗೋ ತಾಯಿ, ನಿನ್ನ ಮೊಟ್ಟೇನ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೋತೀವಿ," ಎಂದವು. ಮುಂದಿನ ಮೊಟ್ಟೆಗಳು ಕಲ್ಲಿನ ಬಣ್ಣದವೇ ಆದವು.

ಒಂದು ದಿನ ಕೊಕ್ಕರೆ ಅತ್ತ ಬಂದ. "ನಾನು ಹೇಳಿರಲಿಲ್ಲವಾ ತಂಗೀ? ನೆಲಕ್ಕೇ ಬಂದೆ."

ಟಿಟ್ಟವ್ವನ ಎದೆಯ ಕೆಂಡ ಆರಿರಲಿಲ್ಲ. ಆರುವುದೂ ಇಲ್ಲ, ಅಂಥವಳೇ ಅವಳು. ಆದರೆ ಕೊಕ್ಕಿನಲ್ಲಿ ಗರಿಕೆ ಇದೆ ಎಂಬಂತೆ ಬಾಯಿ ಬಿಗಿದಳು. ಮೊಟ್ಟೆಯ ಮೇಲಿಂದ ಮೆಲ್ಲಗೆ ಎದ್ದಳು. ತಲೆ ತಗ್ಗಿಸಿ, ಸದ್ದಿಲ್ಲದೆ, ದೂರ, ಬಹಳ ದೂರ ನಡೆದಳು. ಅಲ್ಲಿ ನಿಂತು ಕೂಗಿ ಹೇಳಿದಳು.

"ಇಳಿದೆ ಅಂತ ಹೇಳುವಾಗ, ಹತ್ತಿದ್ದೆ ಅಂತಲೂ ಹೇಳು ಅಣ್ಣಾ."

ಕೊಕ್ಕರೆ ಇನ್ನೊಂದು ಕಾಲನ್ನೂ ಊರಿ, ಹೌದು ಎಂದು ತಲೆಯಾಡಿಸಿದ.

ಇವತ್ತು ನೀನು ಕೆರೆಯ ಹತ್ತಿರ ಹೋದರೆ ಟಿಟ್ಟಿಭ ಕೂಗುತ್ತದೆ, ಕಣ್ಣಂಚು ಕೆಂಪಗೆ, ಮೈಯೆಲ್ಲ ಕೋಪ. ಆದರೆ ಕೂಗುವ ಜಾಗದಲ್ಲಿ ಗೂಡು ಹುಡುಕಬೇಡ. ಮೊಟ್ಟೆಯ ಪಕ್ಕದಲ್ಲಿ ಅವಳು ಎಂದೂ ಕೂಗುವುದಿಲ್ಲ. ಅವಳದು ಅಂತ ಈಗ ಇರುವುದು ಬೊಗಸೆಯಗಲ ಕಲ್ಲುನೆಲ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಅದಕ್ಕೆ ಅವಳು ತೆತ್ತದ್ದು ಒಂದು ಕೊಂಬೆ, ಬಿದ್ದು ಬಿದ್ದು ಬೆಳೆಸಿದ ಒಂದು ಹಿಂಬೆರಳು, ಮತ್ತು ಹಾಲಿನಂಥ ಬಿಳಿಯ ನಾಲ್ಕು ಮೊಟ್ಟೆ.