ಹೂವಿಟ್ಟ ಲೆನ್ಸು

"ಗುರುಗಳೇ, ಅಗಲಿದವರನ್ನು ನಮ್ಮ ಬಳಿಯೇ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ. ಅವನ ಅಣ್ಣ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಣ್ಣನ ಅಂಗಿ, ಕನ್ನಡಕಗಳನ್ನು ಕೋಣೆಯೊಂದರಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ತಾನೇ ಇಟ್ಟುಕೊಂಡಿದ್ದ.

ಗುರುಗಳು ಹೇಳಿದರು: "ಹಾಗೆ ಉಳಿಸಿಕೊಳ್ಳಲು ಹೊರಟವನೊಬ್ಬನ ಕತೆ ಇದೆ, ಕೇಳು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಹೆಂಡತಿ ಎಂದರೆ ಅವನಿಗೆ ಪ್ರಾಣ. ಅವಳ ಫೋಟೋ ತೆಗೆಯಲೆಂದೇ ಒಂದು ಒಳ್ಳೆಯ ಲೆನ್ಸು ಕೊಂಡಿದ್ದ. ಅದರಲ್ಲಿ ಬೇರೆ ಯಾರ ಫೋಟೋವನ್ನೂ ತೆಗೆದವನಲ್ಲ. ಅವಳು ಹೆರಿಗೆಯಲ್ಲಿ ಹೋಗಿಬಿಟ್ಟಳು. ಹೆಣ್ಣು ಕೂಸೊಂದು ಉಳಿಯಿತು. ಅವನು ಲೆನ್ಸನ್ನು ಅವಳ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಚರ್ಮದ ಪೆಟ್ಟಿಗೆಗೆ ಹಾಕಿ ಬೀರುವಿನಲ್ಲಿಟ್ಟ.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಕುಂಕುಮವಿಟ್ಟು, ನೀರು ಚಿಮುಕಿಸಿದ ಸೇವಂತಿಗೆ ಏರಿಸಿ, ಕೈಮುಗಿದು, ಹೂವಿನ ಸಮೇತ ಮತ್ತೆ ಸುತ್ತಿಡುತ್ತಿದ್ದ. ಪಾಪ, ಅವನ ಭಕ್ತಿಗೇನೂ ಕೊರತೆ ಇರಲಿಲ್ಲ. ಆದರೆ ಹಸಿ ಹೂವು, ಕಡಲೂರಿನ ತೇವ, ಮುಚ್ಚಿದ ಪೆಟ್ಟಿಗೆ. ಬೂಷ್ಟು ಬೆಳೆಯಲು ಇನ್ನೇನು ಬೇಕು?

ಮಗಳು ದೊಡ್ಡವಳಾದಳು. ಮುಖ ಥೇಟ್ ತಾಯಿಯದೇ. ನೋಡಿದರೆ ಅವನಿಗೆ ಹೋದವಳೇ ಎದುರು ನಿಂತಂತಾಗುತ್ತಿತ್ತು. ಊರವರ ಮಕ್ಕಳನ್ನೆಲ್ಲ ಸ್ಟುಡಿಯೋದಲ್ಲಿ ಕೂರಿಸಿ ನಗಿಸಿ ಫೋಟೋ ತೆಗೆಯುತ್ತಿದ್ದವನು ಅವಳತ್ತ ಕ್ಯಾಮೆರಾ ತಿರುಗಿಸಲೇ ಇಲ್ಲ. ಸಣ್ಣವಳಿದ್ದಾಗ ಅವಳು ಕೇಳಿದರೆ, 'ಆಗಲಿ ಮಗಾ, ಇನ್ನೊಮ್ಮೆ ನೋಡೋಣ' ಎನ್ನುತ್ತಿದ್ದ. ಬರುಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು.

ಮದುವೆ ಗೊತ್ತಾಯಿತು. ಮನೆ ಬಿಡುವ ಮೊದಲು ಮತ್ತೊಮ್ಮೆ ಬಾಯಿ ಬಿಟ್ಟು ಕೇಳಿದಳು: 'ಅಪ್ಪಾ, ಅಮ್ಮನ ಫೋಟೋ ತೆಗೆದ ಲೆನ್ಸಿನಲ್ಲೇ ನನ್ನದೂ ಒಂದು ತೆಗೆಯಿರಿ. ನಾನು ಅಮ್ಮನ ಹಾಗೆಯೇ ಇದ್ದೇನೆ ಅನ್ನುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಬೇಕು.'

ಅವನು ಲೆನ್ಸನ್ನು ಹೊರತೆಗೆದು ಬೆಳಕಿಗೆ ಹಿಡಿದ. ಗಾಜಿನೊಳಗೆಲ್ಲ ಬಿಳಿಯ ಎಳೆಗಳು ಬೇರಿನಂತೆ ಹಬ್ಬಿದ್ದವು. ರಿಪೇರಿಯವನು ಬಿಡಿಬಿಡಿಯಾಗಿ ಬಿಚ್ಚಿ ಒರೆಸಿ ಕೊಟ್ಟು, 'ಬೂಷ್ಟು ಹೋಯಿತು ಸ್ವಾಮಿ. ಅದು ತಿಂದ ಗಾಜು ಮಾತ್ರ ಸರಿಹೋಗುವುದಿಲ್ಲ. ಗಾಳಿ ಬೆಳಕಿನಲ್ಲಿ ಬಳಸುತ್ತಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ' ಎಂದ.

ಆದರೂ ಮಗಳನ್ನು ಕೂರಿಸಿ ತೆಗೆದ. ಫೋಟೋ ಪೂರ್ತಿ ಮಬ್ಬು. ಆ ಮುಖ ತಾಯಿಯದೋ ಮಗಳದೋ ಹೇಳುವಂತಿರಲಿಲ್ಲ. ಮಗಳು ಅದನ್ನೇ ತೆಗೆದುಕೊಂಡು ಗಂಡನ ಮನೆಗೆ ಹೋದಳು. ಅವಳು ಹೋದ ಮೇಲೆ ಅವನು ಅವಳ ಮುಖ ನೋಡಬೇಕೆಂದು ಮನೆಯೆಲ್ಲ ಹುಡುಕಿದ. ಅವನು ತೆಗೆದ ಅವಳ ಒಂದು ಫೋಟೋವೂ ಆ ಮನೆಯಲ್ಲಿ ಇರಲಿಲ್ಲ."

"ಅಷ್ಟು ಜೋಪಾನ ಮಾಡಿದ ಲೆನ್ಸು ಹಾಳಾಯಿತಲ್ಲ" ಎಂದು ಶಿಷ್ಯ ಮರುಗಿದ.

ಗುರುಗಳು ಕೇಳಿದರು: "ನಿನ್ನ ಅಣ್ಣನ ಮಗಳು ಈಗ ಎಷ್ಟನೆಯ ತರಗತಿ?"

ಶಿಷ್ಯನಿಗೆ ಗೊತ್ತಿರಲಿಲ್ಲ.